ಮೂಲೆಯಲ್ಲಿ ನಿಲ್ಲದ ತಿಜೋರಿ

ಮನೆ ಬದಲಿಸುವಾಗ ಗಂಡ ಹೆಂಡತಿ ಜಗಳವಾಡುವುದು ಅಳತೆ ತಪ್ಪಿದ್ದರಿಂದ. ಅಳತೆ ಸರಿಯಿದ್ದರೆ ಜಗಳಕ್ಕೆ ಜಾಗವೇ ಇರುವುದಿಲ್ಲ. ಕೊಣ್ಣೂರಿನಲ್ಲಿ ಹಳೆಯ ಮನೆಯೊಂದನ್ನು ಕೊಂಡ ದಿನ ಹೆಂಡತಿ ಸುಮನಳಿಗೆ ನಾನು ಹೇಳಿದ ಮಾತಿದು. ಗೋಕಾಕದಲ್ಲಿ ಅಂಗಡಿಗಳಿಗೆ ವೆಬ್‌ಪುಟ ಮಾಡಿಕೊಟ್ಟು ಬದುಕುವವನು ನಾನು. ಸ್ವಂತ ಮನೆಗೊಂದು ಪುಟ ಮಾಡಿಕೊಳ್ಳಲಾರೆನೇ!

ಎರಡೇ ದಿನದಲ್ಲಿ ಮಾಡಿದೆ. ಪರದೆಯ ಮೇಲೆ ಹೊಸ ಮನೆಯ ನಕ್ಷೆ. ಅದರೊಳಗೆ ಮಂಚ, ಫ್ರಿಜ್, ತಿಜೋರಿ. ಒಂದೊಂದಕ್ಕೂ ಒಂದು ಬಣ್ಣದ ಚೌಕ, ಚೌಕದ ಮೇಲೊಂದು ಪುಟ್ಟ ಚಿತ್ರ. ಬೆರಳಿಟ್ಟು ಎಳೆದರೆ ಚೌಕ ಸರಿಯುತ್ತದೆ. ಒಬ್ಬರು ಸರಿಸಿದ್ದು ಎಲ್ಲರ ಮೊಬೈಲಿನಲ್ಲೂ ಕಾಣುತ್ತದೆ. ಸುಮನಳ ತವರಿನವರ ಗ್ರೂಪಿಗೆ ಲಿಂಕ್ ಕಳಿಸಿ, ಸಲಹೆಯಿದ್ದವರು ಫೋನು ಮಾಡಬಾರದು, ಸರಿಸಿಯೇ ತೋರಿಸಬೇಕು ಎಂದು ಬರೆದೆ. ಹುಕ್ಕೇರಿಯಲ್ಲಿರುವ ಅವಳ ತಂಗಿ ಸಪ್ನಾ ನಮ್ಮ ಮಂಚವನ್ನು ಎಳೆದು ಬೀದಿಗೆ ಹಾಕಿದ್ದರಿಂದ, ಯಾವ ಚೌಕವೂ ಗೋಡೆ ದಾಟದಂತೆ ಮೊದಲ ಕಟ್ಟಳೆ ಬರೆಯಬೇಕಾಯಿತು.

ತಿಜೋರಿಯ ಜಾಗ ಮಾತ್ರ ನಾನೇ ನಿಶ್ಚಯಿಸಿದ್ದೆ. ಆರಡಿಯ ಕಬ್ಬಿಣದ ಕಪಾಟು. ಸುಮನಳ ಸೀರೆಗಳು, ಮನೆಯ ಕಾಗದಪತ್ರ, ಮದುವೆಯ ಹಿತ್ತಾಳೆ ಪಾತ್ರೆ ಎಲ್ಲ ಅದರಲ್ಲೇ. ಪಡಸಾಲೆಯ ಒಳಮೂಲೆಗೆ ಅದು ಅಳೆದು ಮಾಡಿಸಿದಂತೆ ಕೂರುತ್ತಿತ್ತು.

ಮರುದಿನ ಬೆಳಿಗ್ಗೆ ನೋಡಿದರೆ ತಿಜೋರಿ ಮೂಲೆ ಬಿಟ್ಟು ನಾಲ್ಕಡಿ ಈಚೆ ನಿಂತಿತ್ತು. ಒಳಗೆ ತಳ್ಳಿದೆ. ಮತ್ತೆ ಈಚೆ ಬಂತು. ಗ್ರೂಪಿನಲ್ಲಿ ಕೇಳಿದೆ, ಬರೆಯಬಲ್ಲವರೆಲ್ಲ ತಾವು ಮುಟ್ಟಿಲ್ಲವೆಂದು ಬರೆದರು. ಗೋಡೆಗುಂಟ ಮಾತ್ರ ಸರಿಯುವಂತೆ ಕಟ್ಟು ಹಾಕಿದೆ. ಗೋಡೆಗುಂಟವೇ ಹೊರಟಿತು. ಒಂದಡಿ ಮೀರದಂತೆ ಮಾಡಿದೆ. ಒಂದಡಿಯ ತುದಿಗೆ ಹೋಗಿ, ಮುಚ್ಚಿದ ಬಾಗಿಲಿಗೆ ಹಣೆ ಹಚ್ಚಿದವರ ಹಾಗೆ ನಿಂತುಬಿಟ್ಟಿತು.

ನಾಲ್ಕನೆಯ ದಿನ ಅದು ಸರಿಯುವುದನ್ನು ಕಣ್ಣಾರೆ ಕಂಡೆ. ಬೆಳಗಿನ ಹತ್ತು ಗಂಟೆ. ನಮ್ಮಿಬ್ಬರ ಮೊಬೈಲುಗಳೂ ಮೇಜಿನ ಮೇಲೆ ಸುಮ್ಮನೆ ಬಿದ್ದಿದ್ದವು. ಲ್ಯಾಪ್‌ಟಾಪಿನಲ್ಲಿ ತಿಜೋರಿ ಅಲುಗಿತು. ತುಸು ಸರಿದು, ದಣಿದಂತೆ ನಿಂತು, ಮತ್ತೆ ತುಸು ಸರಿಯಿತು. ಗೋಡೆ ಹಿಡಿದು ನಡೆಯುವ ಮುದುಕಿಯ ಹಾಗೆ. ಸುಮನ ಹಿಟ್ಟಿನ ಕೈಯಲ್ಲೇ ಬಂದು ನೋಡಿದಳು.

“ಆ ಮನಿ ಮುದುಕಿ ಆ ಮೂಲ್ಯಾಗ ಕುಂದರ್ತಿತ್ತಂತ,” ಅಂದಳು. “ಸತ್ತಿದ್ದೂ ಅಲ್ಲೇ ಅಂತ. ಅದರ ಜಾಗಾ ಅದಕ್ಕ ಬಿಟ್ಟ ಬಿಡ್ರಿ.”

“ಮುದುಕಿಗೆ ಲಿಂಕ್ ಯಾರ ಕಳಿಸಿದ್ರು?” ಅಂದೆ. ನಗಿಸಲೆಂದು ಹೇಳಿದ್ದು. ಇಬ್ಬರೂ ನಗಲಿಲ್ಲ.

ಬೆರಳು ತೆಗೆದೊಡನೆ ತಿಜೋರಿ ತಾನಾಗಿ ಮೂಲೆಗೆ ಮರಳಬೇಕೆಂದು ಇನ್ನೊಂದು ಕಟ್ಟಳೆ ಬರೆದೆ. ಆ ಮಧ್ಯಾಹ್ನ ಅದು ಹನ್ನೊಂದು ಸಲ ಹೊರಟಿತು, ಹನ್ನೊಂದು ಸಲ ಮರಳಿತು. ಗೂಟಕ್ಕೆ ಕಟ್ಟಿದ ಎಮ್ಮೆ ಹಗ್ಗ ಜಗ್ಗುವುದನ್ನು ನೋಡಿದಂತಿತ್ತು. ಹನ್ನೆರಡನೆಯದನ್ನು ನೋಡುವ ಧೈರ್ಯವಾಗದೆ, ಯಾರೂ ಎಳೆಯಲೇ ಆಗದಂತೆ ಬೀಗ ಜಡಿದೆ. ಅಲ್ಲಿಗೆ ಎಲ್ಲ ನಿಂತಿತು. ಒಂದೇ ಸಾಲು ಕೋಡ್ ಬರೆದು ದೆವ್ವ ಕಟ್ಟಿದವನು ಮೂರು ತಾಲೂಕಿನಲ್ಲಿ ನಾನೊಬ್ಬನೇ ಎಂದು ಸುಮನಳಿಗೆ ಹೇಳಿದೆ. ಅವಳು ಐದು ನಿಂಬೆಹಣ್ಣು ತರಿಸಿಟ್ಟುಕೊಂಡಳು.

ರವಿವಾರ ಸಾಮಾನು ಸಾಗಿಸಿದೆವು. ಹಮಾಲ ಉದ್ದಪ್ಪ ತನ್ನ ಮೂವರೊಂದಿಗೆ ತಿಜೋರಿಯನ್ನು ಮೂಲೆಯಲ್ಲಿ ನಿಲ್ಲಿಸಿ, ನೆಲವನ್ನು ಹಿಮ್ಮಡಿಯಿಂದ ಎರಡು ಸಲ ಬಡಿದ.

“ಸಾಹೇಬ್ರ, ಕೆಳಗ ಟೊಳ್ಳ ಸಪ್ಪಳ ಬರಾಕತ್ತೈತಿ.”

ನಕ್ಷೆ ನೋಡಿಯೇ ಇಡಿಸಿದ್ದು ಎಂದೆ. ಅವರು ಚಹಾಕ್ಕೆ ಹೋದರು.

ಮೊದಲು ಕೆಳಗೆ ಯಾರೋ ಹಲ್ಲು ಕಡಿದಂಥ ಸದ್ದು. ತಿಜೋರಿ ನನ್ನ ಕಡೆ ಸ್ವಲ್ಪ ಬಾಗಿತು. ಅದರ ಕನ್ನಡಿಯೊಳಗೆ ನಾನೂ ಬಾಗಿದೆ. ಆಮೇಲೆ, ಏನೂ ಅವಸರವಿಲ್ಲದೆ, ಅದು ಸೊಂಟದವರೆಗೆ ನೆಲದೊಳಗೆ ಇಳಿದು ನಿಂತಿತು. ಒಳಗಿನಿಂದ ಹಳೆಯ ಜೋಳದ ತಣ್ಣನೆಯ ವಾಸನೆ ಮೇಲೆ ಬಂತು. ಅರ್ಧ ಬಾಗಿಲು ಮಣ್ಣಿನಲ್ಲಿ ಹೂತಿತ್ತು. ಸೀರೆ, ಕಾಗದಪತ್ರ ಯಾವುದನ್ನೂ ತೆಗೆಯುವಂತಿರಲಿಲ್ಲ. ಸುಮನ ನಿಂಬೆಹಣ್ಣು ಹಿಡಿದು ನಿಂತಿದ್ದಳು, ಯಾವ ಕಡೆ ನಿವಾಳಿಸಬೇಕೆಂದು ತಿಳಿಯದೆ.

ಅಷ್ಟರಲ್ಲಿ ಕಲ್ಲೋಳಿಯಿಂದ ಬಸ್ಸಿನಲ್ಲಿ ಅತ್ತೆ ಕರೆವ್ವ ಬಂದರು. ಮದುವೆಯಾಗಿ ಹದಿನಾಲ್ಕು ವರ್ಷವಾದರೂ ಅವರು ನನ್ನೊಡನೆ ನೇರವಾಗಿ ಮಾತಾಡಿದವರಲ್ಲ. ಅಳಿಯನೆದುರು ತಲೆಯ ಮೇಲೆ ಸೆರಗು. ನಾನು ಮೂರಡಿ ದೂರದಲ್ಲಿದ್ದರೂ ಹೇಳುವುದನ್ನೆಲ್ಲ ಮಗಳಿಗೆ ಹೇಳುತ್ತಾರೆ.

“ಸುಮನಾ, ಇದು ಹಗೇವು. ಜ್ವಾಳಾ ತುಂಬಿಡೋ ತೆಗ್ಗು. ಸಣ್ಣಾಕಿ ಇದ್ದಾಗ ಈ ಮನ್ಯಾಗ ಕೂಲಿಗೆ ಬರ್ತಿದ್ನಿ. ನನ್ನ ನಡಕ್ಕ ಹಗ್ಗಾ ಕಟ್ಟಿ ಒಳಗ ಇಳಸ್ತಿದ್ರು.”

“ಮೊದಲ ಹೇಳಬಾರದೇನ ಯವ್ವಾ?”

“ಫೋನ್ ಹಚ್ಚಬಾರದು, ಸರಿಸಿ ತೋರಸ್ಬೇಕು ಅಂತ ಮೊಮ್ಮಗಳು ಕಾಜಲ್ ಓದಿ ಹೇಳಿದ್ಲಲ್ಲ. ದಿನಾ ಸರಿಸೇನಿ. ಅದು ಹೊಳ್ಳಿ ಹೊಳ್ಳಿ ಅಲ್ಲೇ ಹೋಗ್ತಿತ್ತು. ಕಡೀಕ ಗಟ್ಟಿ ನಿಂತ ಬಿಡ್ತು. ಅಳಿಯಾರು ತೆಗ್ಗಿಗೆ ಮಣ್ಣ ತುಂಬಿಸಿರಬೇಕು ಅಂದ್ಕೊಂಡ್ನಿ.”

ನಾನು ತಲೆ ತಗ್ಗಿಸಿದೆ. ಕರೆವ್ವ ಸೆರಗು ಸರಿಮಾಡಿಕೊಂಡು ಮಗಳ ಕಡೆಯೇ ನೋಡುತ್ತ ಮುಂದುವರಿಸಿದರು.

“ಇನ್ನೊಂದ ಹೇಳು ಅವರಿಗೆ. ಈ ಮನ್ಯಾಗ ಹಗೇವು ಎರಡ ಅದಾವು.”

ಎರಡನೆಯದು ಎಲ್ಲಿ ಎಂದು ನಾನು ಸುಮನಳನ್ನು ಕೇಳಿದೆ. ಸುಮನ ತಾಯಿಯನ್ನು ಕೇಳಿದಳು. ಕರೆವ್ವ ನನ್ನ ಪಾದಗಳನ್ನು ನೋಡಿದರು. ಸೆರಗಿನೊಳಗಿಂದ ಒಂದು ಬೆರಳು ಹೊರಬಂದು, ಗಾಳಿಯಲ್ಲಿ ಮೆಲ್ಲಗೆ ಹೊಸ್ತಿಲಿನ ಕಡೆಗೆ ಗೆರೆ ಎಳೆಯತೊಡಗಿತು.

ಆ ಬೆರಳು ನಿಲ್ಲುವವರೆಗೂ ನಾನು ಸರಿಯುತ್ತ ಹೋದೆ.