ಹೊಳೆದಂಡೆಯ ಟೆಂಟಿನಲ್ಲಿ ನಮ್ಮತ್ತೆ

ನಮ್ಮತ್ತೆ ಎಲ್ಲಿಗೆ ಹೋದರೂ ಅಲ್ಲೊಂದು ಪ್ರಸಂಗ ನಡೆದೇ ನಡೆಯುತ್ತದೆ. ಅವರಾಗಿ ಏನೂ ಮಾಡುವುದಿಲ್ಲ. ತಮ್ಮ ಪಾಡಿಗೆ ತಾವಿರುತ್ತಾರೆ, ಸುತ್ತಲಿನವರಿಗೆ ಏನೋ ಆಗಿಬಿಡುತ್ತದೆ.

ಗದಗಿನಲ್ಲಿ ಮೂವತ್ತು ವರ್ಷ ಪ್ರೈಮರಿ ಶಾಲೆಯ ಟೀಚರಾಗಿದ್ದು ರಿಟೈರಾದವರು ಅವರು. ಹೋದ ಬೇಸಿಗೆಯಲ್ಲಿ ಮೂರು ತಿಂಗಳಿಗೆಂದು ಸ್ವೀಡನ್ನಿನ ಉಪ್ಸಾಲಾದ ನಮ್ಮ ಫ್ಲ್ಯಾಟಿಗೆ ಬಂದರು. ಇಲ್ಲಿ ಪಕ್ಕದ ಮನೆಯವರು ಕಾರಿಡಾರಿನಲ್ಲಿ ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಬಾಗಿಲು ತೆಗೆಯುತ್ತಾರೆ. ಎರಡು ವಾರ ಇದನ್ನು ಗಮನಿಸಿದ ಅತ್ತೆ, "ಅವರ ಮನ್ಯಾಗ ಏನರ ಸೂತಕ ಐತೇನು?" ಎಂದು ಕೇಳಿದರು. ಸೂತಕ ಅಲ್ಲ ಅತ್ತೆ, ಸಂಕೋಚ ಎಂದೆ. ಮೂರನೇ ವಾರಕ್ಕೆ ಅವರಿಗೆ ಸಾಕಾಯಿತು. ವಾಪಸು ಟಿಕೇಟು ಮುಂಚಿನ ದಿನಕ್ಕೆ ಮಾಡಲು ಬರುತ್ತದೆಯೇ ನೋಡು ಎಂದು ಮಗನ ಬೆನ್ನು ಹತ್ತಿದರು. "ಮಂದಿ ಒಳ್ಳೇವ್ರ ಅದಾರ. ಆದ್ರ ಮಾತಾಡಂಗಿಲ್ಲ" ಎನ್ನುವುದೊಂದೇ ಅವರ ದೂರು.

ನನ್ನ ಗಂಡನ ಮುಖ ಬಾಡಿಹೋಯಿತು. ಅವ್ವನನ್ನು ಇಲ್ಲಿಗೆ ಕರೆತರಬೇಕೆಂದು ಆರು ವರ್ಷದಿಂದ ಕಾದಿದ್ದವರು. ಒಂದು ನಾಲ್ಕು ದಿನ ಎಲ್ಲಿಗಾದರೂ ಕರೆದುಕೊಂಡು ಹೋಗೋಣ, ಆಮೇಲೆ ಅವರಿಷ್ಟ ಎಂದುಕೊಂಡೆವು.

೧. ಅಲ್ಲೇನಿದೆ?

ನಾನು ಕೆಲಸ ಮಾಡುವುದು ಔಷಧ ತಯಾರಿಸುವ ಕಂಪನಿಯೊಂದರ ಲ್ಯಾಬಿನಲ್ಲಿ. ಫಿಕಾ ಹೊತ್ತಿನಲ್ಲಿ, ಅಂದರೆ ಕಾಫಿ ಕುಡಿಯುತ್ತ ಎಲ್ಲರೂ ಮಾತಾಡುವ ಆ ಹದಿನೈದು ನಿಮಿಷದಲ್ಲಿ, ಸ್ವೀಡಿಶ್ ಸಹೋದ್ಯೋಗಿಯೊಬ್ಬರನ್ನು ಒಳ್ಳೆಯ ಜಾಗ ಹೇಳಿ ಎಂದು ಕೇಳಿದೆ. ಆಕೆ ಅತ್ತಿತ್ತ ನೋಡಿ, ಮನೆತನದ ಗುಟ್ಟು ಬಿಟ್ಟುಕೊಡುವವರ ಹಾಗೆ ದನಿ ತಗ್ಗಿಸಿದರು. ಉತ್ತರಕ್ಕೆ ಎರಡು ಗಂಟೆಯ ದಾರಿ, ಹೊಳೆಯ ದಂಡೆಯಲ್ಲಿ ಟೆಂಟ್ ಹಾಕುವ ಜಾಗವೊಂದಿದೆಯಂತೆ. ಅಲ್ಲಿ ಕರೆಂಟಿಲ್ಲ, ನಲ್ಲಿಯಿಲ್ಲ, ಅಂಗಡಿಯಿಲ್ಲ, ನೆಟ್‌ವರ್ಕ್ ಇಲ್ಲ, ಜನ ಕೂಡ ಇಲ್ಲವೆಂದೇ ಹೇಳಬೇಕು. ಹೇಳುತ್ತಾ ಹೇಳುತ್ತಾ ಆಕೆಯ ಮುಖ ಬೆಳಗತೊಡಗಿತು.

ಹೊಸದಾಗಿ ಬಂದಿದ್ದರೆ, ಹೋಗಬೇಡಿ ಎಂದು ಎಚ್ಚರಿಸುತ್ತಿದ್ದಾರೆ ಎಂದುಕೊಳ್ಳುತ್ತಿದ್ದೆ. ಹತ್ತು ವರ್ಷವಾದದ್ದರಿಂದ ಗೊತ್ತು, ಸ್ವೀಡನ್ನಿನಲ್ಲಿ ಒಂದು ಊರನ್ನು ಹೊಗಳುವ ರೀತಿಯೇ ಇದು.

ಮನೆಗೆ ಬಂದು ವರದಿ ಒಪ್ಪಿಸಿದೆ. ಹಾಗಾದರೆ ಅಲ್ಲಿ ಇರುವುದಾದರೂ ಏನು ಎಂದು ಗಂಡ ಕೇಳಿದರು. ಹೊಳೆ, ಹುಲ್ಲು, ಕಟ್ಟಿಗೆ ಇಡುವ ಶೆಡ್ಡು, ಬಯಲಲ್ಲೊಂದು ಮರದ ಕಕ್ಕಸು ಎಂದೆ. ಅತ್ತೆ ಬಟಾಣಿ ಬಿಡಿಸುತ್ತಿದ್ದವರು ತಲೆ ಎತ್ತಿದರು.

"ಅಂದ್ರ ನಮ್ಮಜ್ಜಿ ಮನಿ. ಅದಕ್ಕ ಬುಕ್ಕಿಂಗ್ ಬ್ಯಾರೆ ಮಾಡಬೇಕೇನು?"

೨. ಆರು ವರ್ಷದ ಕೋರ್ಸು

ಜಾಗ ನಿಜಕ್ಕೂ ಚೆಂದವಿತ್ತು. ಅಗಲವಾದ ಹೊಳೆ, ಸದ್ದೇ ಇಲ್ಲದ ಹರಿವು, ಆಚೆ ದಡದಲ್ಲಿ ಬರ್ಚ್ ಮರಗಳ ಬಿಳಿ ಕಾಂಡಗಳ ಸಾಲು. ನಮ್ಮದಲ್ಲದೆ ಇನ್ನೆರಡು ಟೆಂಟ್‌ಗಳಿದ್ದವು, ಕೂಗಿದರೂ ಕೇಳಿಸದಷ್ಟು ದೂರದಲ್ಲಿ. ಅಷ್ಟು ದೂರವಿದ್ದೂ ಒಂದು ಟೆಂಟಿನವರು ನಡೆದು ಬಂದು, ನಾವಿಲ್ಲಿರುವುದರಿಂದ ನಿಮಗೆ ತೊಂದರೆಯಿಲ್ಲ ತಾನೇ ಎಂದು ವಿಚಾರಿಸಿಕೊಂಡು ಹೋದರು. ಆರೂವರೆ ಅಡಿ ಎತ್ತರದ ಮನುಷ್ಯ, ಜೊತೆಗೆ ಹೆಂಡತಿ.

ಬೆಂಕಿ ಹೊತ್ತಿಸುವ ಕೆಲಸವನ್ನು ಸಾಫ್ಟ್‌ವೇರ್ ಎಂಜಿನಿಯರಾದ ನನ್ನ ಗಂಡ ವಹಿಸಿಕೊಂಡರು. ಕಿಡಿ ಹಾರಿಸುವ ಉಕ್ಕಿನ ಕಡ್ಡಿ ತಂದಿದ್ದರು, ವಾರವಿಡೀ ವೀಡಿಯೊ ನೋಡಿದ್ದರು. ಅವ್ವಾ, ನೀ ಆರಾಮ ಕೂಡು ಎಂದು ತಾಯಿಯನ್ನು ಮಡಚುವ ಕುರ್ಚಿಯಲ್ಲಿ ಕೂರಿಸಿ ಮಂಡಿಯೂರಿದರು. ಮುಕ್ಕಾಲು ಗಂಟೆ ಕಳೆಯಿತು. ಕಿಡಿ ಬಂತು, ಹೊಗೆ ಬಂತು, ಕಣ್ಣಲ್ಲಿ ನೀರು ಬಂತು, ಬೆಂಕಿ ಬರಲಿಲ್ಲ.

ಕೇಳದೆ ಸಹಾಯಕ್ಕೆ ಹೋಗುವುದು ಈ ದೇಶದವರ ಸ್ವಭಾವವಲ್ಲ. ಹಾಗಂತ ನೋಡದೆ ಇರಲೂ ಆ ಎತ್ತರದ ಮನುಷ್ಯನಿಗೆ ಆಗಲಿಲ್ಲ. ನಮ್ಮ ಪಕ್ಕದಲ್ಲೇ ನಿಧಾನವಾಗಿ ನಡೆಯುತ್ತಾ ಮೂರು ಸಲ ಹೊಳೆಗೆ ನೀರಿಗೆ ಹೋದರು. ಮೂರನೇ ಸಲ ಹೋಗುವಾಗ ಅವರ ಬಕೆಟ್ ಆಗಲೇ ತುಂಬಿತ್ತು.

ಕೊನೆಗೆ ಅತ್ತೆ ಎದ್ದರು. ಮಗ ಜೋಡಿಸಿದ್ದನ್ನೆಲ್ಲ ಕೆಡವಿದರು. ಬರ್ಚ್ ಕಟ್ಟಿಗೆಯ ಮೇಲಿನ ಕಾಗದದಂಥ ತೊಗಟೆ ಸುಲಿದು ಅಡಿಗಿಟ್ಟರು, ಸಣ್ಣ ಚಕ್ಕೆಗಳನ್ನು ಮೇಲೆ ಹೇರಿದರು, ಒಂದೇ ಒಂದು ಬೆಂಕಿಕಡ್ಡಿ ಗೀರಿದರು. ಆ ಉಕ್ಕಿನ ಕಡ್ಡಿಯ ಜೊತೆ ಬಂದಿದ್ದ ಸೂಚನೆಗಳ ಹಾಳೆಯನ್ನು ಸುರುಳಿ ಸುತ್ತಿ, ಊದುಗೊಳವೆ ಮಾಡಿಕೊಂಡು ಎರಡು ಸಲ ಊದಿದರು. ಬೆಂಕಿ ಧಗ್ಗೆಂದಿತು.

ಎತ್ತರದ ಮನುಷ್ಯ ಬಕೆಟ್ ಕೆಳಗಿಟ್ಟು ಹತ್ತಿರ ಬಂದರು. ಇಲ್ಲಿ ಯಾವುದಕ್ಕೂ ಒಂದು ಕೋರ್ಸು ಇರುತ್ತದೆ, ಬೆಂಕಿ ಹಚ್ಚುವುದಕ್ಕೂ ಇದೆ. ನಿಮ್ಮತ್ತೆ ಯಾವ ಕೋರ್ಸು ಮಾಡಿದ್ದು ಎಂದು ಬಹಳ ಗೌರವದಿಂದ ಕೇಳಿದರು. ನಾನು ಅತ್ತೆಗೆ ಕನ್ನಡದಲ್ಲಿ ಹೇಳಿದೆ.

"ಅತ್ತಿ ಮನ್ಯಾಗ ಅಂತ ಹೇಳು. ಆರು ವರ್ಷದ ಕೋರ್ಸು. ಸರ್ಟಿಫಿಕೇಟ್ ಮಾತ್ರ ಕೊಡಲಿಲ್ಲ ಅನ್ನು."

೩. ಗೋಡೆಯ ಮೇಲಿನ ಹಿರಿಯರು

ಮರದ ಕಕ್ಕಸು ಅಂದರೆ ಹೇಗೋ ಏನೋ ಎಂದು ನಾನು ಹೆದರಿದ್ದೆ. ನೋಡಿದರೆ ನಮ್ಮ ಅಡುಗೆಮನೆಗಿಂತ ಚೊಕ್ಕಟ. ಮುಚ್ಚಲು ಮರದ ಹೊಟ್ಟು, ಕಿಟಕಿಯಲ್ಲಿ ಕಾಡುಹೂವು, ಬಂದವರು ಅಭಿಪ್ರಾಯ ಬರೆಯಲೊಂದು ಪುಸ್ತಕ. ಗೋಡೆಗೆ, ಇಂಥ ಕಡೆ ಇಲ್ಲಿನ ವಾಡಿಕೆಯಂತೆ, ಯಾವುದೋ ಹಳೆಯ ಕಾಲದ ರಾಜ-ರಾಣಿಯ ಕಟ್ಟು ಹಾಕಿದ ಪಟ.

ಅತ್ತೆ ಒಳಗೆ ಹೋದವರು ಅಷ್ಟೇ ವೇಗದಲ್ಲಿ ಹೊರಬಂದರು. ಒಳಗೆ ಯಾರೋ ಹಿರಿಯರ ಫೋಟೋ ಇದೆ, ಅವರೆದುರಿಗೆ ಕೂರುವುದು ಹೇಗೆ ಎಂದರು. ಅದು ಬರೀ ಪಟ, ಇಲ್ಲಿನವರಿಗೆ ಅದೊಂದು ತಮಾಷೆ ಎಂದು ನಾನು ಎಷ್ಟು ಹೇಳಿದರೂ ಒಪ್ಪಲಿಲ್ಲ. ಮತ್ತೆ ಒಳಗೆ ಹೋಗಿ ರಾಜ-ರಾಣಿಯನ್ನು ಗೋಡೆಯ ಕಡೆ ಮುಖ ಮಾಡಿ ತಿರುಗಿಸಿಟ್ಟರು. ಮುಂದಿನವರಿಗೂ ನಾಚಿಕೆ ಇರುತ್ತದಲ್ಲ ಎಂದು ಹಾಗೇ ಬಿಟ್ಟು ಬಂದರು.

ಮರುದಿನ ಆ ಪುಸ್ತಕದಲ್ಲಿ ಯಾರೋ ಬರೆದಿದ್ದರು: ರಾಜರು ನಮ್ಮ ಮೇಲೆ ಮುನಿಸಿಕೊಂಡಿದ್ದಾರೆಯೇ? ಅದರ ಕೆಳಗೆ ಬೇರೆ ಕೈಬರಹ: ಅಂತೂ ಇಲ್ಲಿಗೊಬ್ಬ ರಾಜಪ್ರಭುತ್ವದ ವಿರೋಧಿ ಬಂದ, ಸ್ವಾಗತ. ಅದರ ಕೆಳಗೆ ಅದಕ್ಕೊಂದು ಖಂಡನೆ, ಖಂಡನೆಗೊಂದು ಉತ್ತರ. ಹೊರಗೆ ಹೊಳೆದಂಡೆಯಲ್ಲಿ ಒಬ್ಬರೂ ತುಟಿ ಬಿಚ್ಚುತ್ತಿರಲಿಲ್ಲ. ಒಳಗೆ ಪುಸ್ತಕದಲ್ಲಿ ಎರಡು ಪುಟ ಜಗಳ ನಡೆದಿತ್ತು.

ಬೆಳಗ್ಗೆ ಸೈಕಲ್ಲಿನಲ್ಲಿ ಬಂದು ಕಟ್ಟಿಗೆ, ಕಕ್ಕಸು ನೋಡಿಕೊಳ್ಳುವ ಮುದುಕರೊಬ್ಬರಿದ್ದರು. ಅವರು ಗಂಭೀರವಾಗಿ ನಮ್ಮ ಟೆಂಟಿಗೂ ಬಂದು, ಪಟದ ವಿಷಯ ಏನಾದರೂ ಗೊತ್ತೇ ಎಂದು ಕೇಳಿದರು. ನಾನು ನಾಚಿಕೊಂಡು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಸೈಕಲ್ಲನ್ನು ಮರಕ್ಕೆ ಒರಗಿಸಿದರು. ಆ ಪಟ ತಮ್ಮ ಅಪ್ಪನ ಕಾಲದಿಂದ ಅಲ್ಲೇ ಇದೆ, ರಾಜರ ಬಗ್ಗೆ ಇಷ್ಟು ಕಾಳಜಿ ಮಾಡಿದವರು ಇವರೇ ಮೊದಲು ಎಂದು ಹೇಳಿ, ಅತ್ತೆಯ ಕಡೆ ತಿರುಗಿ ಟೋಪಿ ತೆಗೆದರು.

ಮಾರನೇ ದಿನ ಪಟಕ್ಕೊಂದು ಪುಟ್ಟ ಪರದೆ ಬಂದಿತ್ತು. ನೀಲಿ ಚೌಕಳಿ ಬಟ್ಟೆ, ಎಳೆಯಲು ದಾರ. ಅತ್ತೆ ಎರಡು ಸಲ ಎಳೆದು ಪರೀಕ್ಷೆ ಮಾಡಿದರು.

"ಈಗ ಅವರಿಗೂ ನಿರಾಳ, ನಮಗೂ ನಿರಾಳ" ಎಂದರು.

೪. ನದಿಗಳ ಪಾಠ

ಮೊದಲ ಬೆಳಗ್ಗೆಯೇ ಅತ್ತೆ ಹೊಳೆಯಲ್ಲಿ ಸ್ನಾನ ಮಾಡುತ್ತೇನೆಂದು ಹೊರಟಿದ್ದರು. ಆ ನೀರಿಗೆ ನಾನು ಹೆಬ್ಬೆರಳು ಇಟ್ಟು ನೋಡಿದೆ, ಮೊಣಕಾಲಿನವರೆಗೆ ನೋವು ಬಂತು. ಅತ್ತೆ ಸೀರೆ ಎತ್ತಿ ಕಟ್ಟಿ ಸೊಂಟದ ಮಟ್ಟದ ನೀರಿಗೆ ಇಳಿದರು. ಬೊಗಸೆಯಲ್ಲಿ ನೀರೆತ್ತಿ ಗಂಗಾ, ಯಮುನಾ, ಕೃಷ್ಣಾ, ತುಂಗಭದ್ರಾ, ಮಲಪ್ರಭಾ ಎಂದು ಒಂದೊಂದೇ ಹೆಸರು ಹೇಳಿ ಮೂರು ಮುಳುಗು ಹಾಕಿದರು. ಹಲ್ಲು ಕೂಡ ಕಟಕಟ ಅನ್ನಲಿಲ್ಲ.

ದಡದಲ್ಲಿ ಟವೆಲ್ ಹೊದ್ದು ನಿಂತಿದ್ದ ಎತ್ತರದ ಮನುಷ್ಯನ ಹೆಂಡತಿ ಮೆಲ್ಲಗೆ ನನ್ನ ಪಕ್ಕ ಬಂದರು. ಚಳಿ ತಡೆಯಲು ಅದು ಉಸಿರಾಟದ ವಿಧಾನವೇ ಎಂದು ಕೇಳಿದರು. ಅಲ್ಲ, ನಮ್ಮ ನದಿಗಳ ಹೆಸರು, ಒಂದು ನದಿಯಲ್ಲಿ ಮಿಂದಾಗ ಉಳಿದವನ್ನೂ ನೆನೆಯಬೇಕು ಎಂದೆ. ಆಕೆ ತಾವೂ ಮೆಲ್ಲಗೆ ಗಂಗಾ ಎಂದು ಹೇಳಿ ನೋಡಿದರು. ಮರುದಿನ ಅತ್ತೆಯಿಂದ ಎರಡು ಮಾರು ದೂರದಲ್ಲಿ ನೀರಿನಲ್ಲಿ ನಿಂತು ತಮಗೂ ಹೇಳಿಕೊಡಿ ಎಂದರು. ಅದರ ಮರುದಿನ ಆಕೆಯ ಜೊತೆ ಅವರ ಗಂಡ, ಇನ್ನೊಂದು ಟೆಂಟಿನ ಇಬ್ಬರು ಹೆಂಗಸರು ಮತ್ತು ಕಕ್ಕಸಿನ ಮುದುಕರು ಸೇರಿ ಐದು ಜನ "ಮಲಪ್ರಭಾ" ಕಲಿಯುತ್ತಿದ್ದರು. ಅತ್ತೆ ತಪ್ಪಿದವರಿಂದ ಮತ್ತೆ ಹೇಳಿಸಿದರು. ನಾಳೆ ನಾಷ್ಟಾ ನಮ್ಮಲ್ಲೇ ಎಂದು ಕೈಸನ್ನೆಯಲ್ಲೇ ಎಲ್ಲರನ್ನೂ ಕರೆದರು.

ಕೊನೆಯ ಬೆಳಗ್ಗೆ ಉಪ್ಪಿಟ್ಟಿನ ಒಗ್ಗರಣೆ ಹಾಕಿ, ಸೌಟನ್ನು ಮಗನ ಕೈಗೆ ಕೊಟ್ಟು ಅತ್ತೆ ಹೊಳೆಗೆ ಹೊರಟರು. ಇವತ್ತು ದಾರಿಯಲ್ಲಿ ನೆಟ್‌ವರ್ಕ್ ಸಿಗುತ್ತದೆ, ಆ ಟಿಕೇಟು ಬದಲಾಯಿಸಲೇ ಎಂದು ನನ್ನ ಗಂಡ ಅಳುಕುತ್ತಾ ಕೇಳಿದರು.

"ಅದನ್ನೆಲ್ಲಾ ಈಗ ತೆಗೀಬ್ಯಾಡ. ಮಂದಿ ನೀರಾಗ ಕಾಯಾಕತ್ತಾರ" ಎಂದು ಅತ್ತೆ ಹೋಗಿಯೇಬಿಟ್ಟರು. ಆಮೇಲೆ ಟಿಕೇಟಿನ ಮಾತು ನಮ್ಮ ಮನೆಯಲ್ಲಿ ಬರಲಿಲ್ಲ.

ನೀರಿನಲ್ಲಿ ಅವತ್ತು ಪಾಠ ಬೇರೆಯಾಗಿತ್ತು. ನಮ್ಮ ನದಿಗಳನ್ನು ಕಲಿತಿರಿ, ಇನ್ನು ನಿಮ್ಮವನ್ನು ಹೇಳಿ ಎಂದು ಅತ್ತೆ ಕೇಳಿದರು. ದಡದಿಂದ ನಾನು ಅನುವಾದಿಸಿದೆ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆರೂವರೆ ಅಡಿಯ ಆ ಮನುಷ್ಯ ಚಳಿಗೆ ನೀಲಿಗಟ್ಟಿದ್ದವರು ಶಾಲೆಯಲ್ಲಿ ಎತ್ತಿದಂತೆ ಕೈ ಎತ್ತಿದರು. "ವಿಸ್ಕನ್, ಏತ್ರನ್, ನಿಸ್ಸನ್, ಲಾಗನ್" ಎಂದರು. ಅಷ್ಟೇ, ಉಳಿದ ನಾಲ್ವರೂ ಒಂದೇ ರಾಗದಲ್ಲಿ ಅದನ್ನೇ ಹೇಳಿದರು. ನಾಲ್ಕು ದಿನದಿಂದ ಪಿಸುಗುಟ್ಟುತ್ತಿದ್ದವರ ದನಿ ಆಚೆ ದಡದ ಮರಗಳಿಗೆ ಹೋಗಿ ತಿರುಗಿ ಬಂತು. ಅತ್ತೆಯ ಮುಖ ನೋಡಬೇಕಿತ್ತು. ಇನ್ಸ್‌ಪೆಕ್ಷನ್ನಿನ ದಿನ ಇಡೀ ಕ್ಲಾಸು ಮಗ್ಗಿ ಒಪ್ಪಿಸಿದ ಹಾಗಿತ್ತು.

ಎಲ್ಲರೂ ಅದೇ ಕ್ರಮದಲ್ಲಿ ತಪ್ಪದೆ ಹೇಳಿದಿರಲ್ಲ, ಹೇಗೆ ನೆನಪಿಟ್ಟಿರಿ ಎಂದು ಅತ್ತೆ ಕೇಳಿದರು. ಎತ್ತರದ ಮನುಷ್ಯನ ಹೆಂಡತಿ ವಿವರಿಸಿದರು: ಕ್ರಮ ನೆನಪಿರಲೆಂದು ಈ ಹೆಸರುಗಳನ್ನು ಹೋಲುವ ಒಂದು ಸಾಲನ್ನು, 'ವಿ ಸ್ಕಾ ಏತಾ, ನಿ ಸ್ಕಾ ಲಾಗಾ' ಎಂದು, ಇಲ್ಲಿ ಶಾಲೆಯಲ್ಲಿ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಾರೆ. ಅದರರ್ಥ, "ನಾವು ತಿನ್ನುತ್ತೇವೆ, ನೀವು ಅಡುಗೆ ಮಾಡಿ."

ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಅತ್ತೆ ನಿಧಾನವಾಗಿ ದಡದ ಕಡೆ ತಿರುಗಿದರು. ನನ್ನ ಗಂಡ ಬೆವರುತ್ತಾ ಉಪ್ಪಿಟ್ಟು ಕೆದಕುತ್ತಿದ್ದರು. ಅವರ ಪಕ್ಕದ ದಿಮ್ಮಿಯ ಮೇಲೆ, ಆ ಐವರೂ ಬೆಳಗಾಗುವುದರೊಳಗೇ ತಂದಿಟ್ಟಿದ್ದ ಐದು ತಟ್ಟೆ, ಐದು ಚಮಚ ಶಿಸ್ತಾಗಿ ಸಾಲುಗಟ್ಟಿದ್ದವು.

"ಹೌದವಾ" ಎಂದರು ಅತ್ತೆ, "ಪಾಠ ಭಾಳ ಚೊಲೋ ಕಲತಾರ."