ದನ ನೋಡಿದ ಹಾಗೆ ಮನೆ ನೋಡಿದ್ದು

ವಿದ್ಯಾನಗರದಲ್ಲಿ ಒಂದು ಮನೆ ಯಾಕೆ ಕೊಳ್ಳಬೇಕು ಎಂಬುದಕ್ಕೆ ಸುಕುಮಾರನ ಬಳಿ ಇದ್ದ ಕಾರಣಗಳನ್ನೆಲ್ಲ ಹೇಳಹೊರಟರೆ ದೇಲಂಪಾಡಿಯ ಬಸ್ಸು ಕಾಸರಗೋಡು ಮುಟ್ಟಿ ವಾಪಸು ಬಂದರೂ ಮುಗಿಯದು. ದಿನಾ ಅದೇ ಬಸ್ಸಿನಲ್ಲಿ ಹೋಗಿಬರುವ ಜೀವವಾದ್ದರಿಂದ ಕಾರಣ ಹುಡುಕಲು ಸಮಯವೂ ಅವನಿಗೆ ಧಾರಾಳ ಸಿಗುತ್ತಿತ್ತು. (ಸೀಟು ಮಾತ್ರ ಸಿಗುತ್ತಿರಲಿಲ್ಲ.) ಕೋಳಿಗಿಂತ ಮೊದಲು ಎದ್ದು ಹೊರಟವನು ವಿದ್ಯಾನಗರದ ಸಿವಿಲ್ ಸ್ಟೇಷನ್ನಿನ ತನ್ನ ಸರಕಾರಿ ಕಚೇರಿ ತಲುಪುವಾಗ ಇಸ್ತ್ರಿ ಹಾಕಿದ ಅಂಗಿ ಹಿಂಡಿದ ಒರಸುಬಟ್ಟೆಯಾಗಿರುತ್ತಿತ್ತು. ಅಲ್ಲೇ ಹತ್ತಿರ ಮನೆ ಇದ್ದ ಗುಮಾಸ್ತರಾದರೋ ಮಧ್ಯಾಹ್ನ ಮನೆಗೆ ಹೋಗಿ, ಬಿಸಿ ಅನ್ನ ಉಂಡು, ಸಣ್ಣದೊಂದು ನಿದ್ದೆಯನ್ನೂ ಮುಗಿಸಿ, ಹಲ್ಲಿಗೆ ಕಡ್ಡಿ ಹಾಕುತ್ತ ಬರುತ್ತಿದ್ದರು. ಆ ನಿದ್ದೆಯನ್ನು ನೆನೆದರೆ ಸುಕುಮಾರನ ಡಬ್ಬಿಯ ತಣ್ಣನೆ ಅನ್ನ ಇನ್ನಷ್ಟು ತಣ್ಣಗಾಗುತ್ತಿತ್ತು. ಹೊಟ್ಟೆಯುರಿ ಎಂದರೆ ಹೊಟ್ಟೆಯುರಿಯೇ, ಅದಕ್ಕೆ ಬೇರೆ ಹೆಸರು ಬೇಡ.

ಅಡ್ಡಿ ಇದ್ದದ್ದು ಹೆಂಡತಿ ದಮಯಂತಿಯದು.

“ಅಲ್ಲಿ ಆಸ್ಪತ್ರೆ ಹತ್ತಿರ,” ಎಂದ.

“ನಮಗೆ ರೋಗವೇ ಇಲ್ಲವಲ್ಲ,” ಎಂದಳು.

“ಕಾಲೇಜೂ ಹತ್ತಿರ.”

“ಇದ್ದೊಬ್ಬ ಮಗಳು ಉಜ್ವಲಾಳಿಗೆ ಮದುವೆಯಾಗಿ ಮಗುವೂ ಆಯ್ತು. ಕಾಲೇಜಿಗೆ ಹೋಗುವುದು ಯಾರು, ನೀವಾ?”

“ಸಂಜೆ ವಾಕಿಂಗಿಗೆ ಒಳ್ಳೆ ರಸ್ತೆ ಉಂಟು ಮಾರಾಯ್ತಿ!”

“ಮತ್ತೆ ಬಸ್ಸಿಳಿದು ನಮ್ಮ ಗುಡ್ಡ ಹತ್ತುವುದು ಎಂತ, ಈಜುವುದಾ?”

ಕೊನೆಗೆ ಅವಳು ಬ್ರಹ್ಮಾಸ್ತ್ರವನ್ನೇ ಬಿಟ್ಟಳು. “ನೋಡಿ, ನೆರೆಕರೆಯವರ ಹತ್ತಿರ ಜಗಳ ಆದರೆ ಮಲಯಾಳದಲ್ಲಿ ಬೈಯಲಿಕ್ಕೆ ನನಗೆ ಬರುವುದಿಲ್ಲ. ತುಳುವಿನಲ್ಲಿ ಬೈದರೆ ಅವರಿಗೆ ನಾಟುವುದಿಲ್ಲ. ಅಂಥ ಊರಿನಲ್ಲಿ ಒಬ್ಬಳು ಹೆಂಗಸು ಬಾಳುವುದು ಹೇಗೆ?”

ಆದರೆ ಬ್ರೋಕರ್ ಕುಂಞ ತೋರಿಸಿದ ಮನೆಯೊಂದನ್ನು ಸುಕುಮಾರ ಆಗಲೇ ಗೇಟಿನಾಚೆಯಿಂದ ಇಣುಕಿ ನೋಡಿ, ಮನಸ್ಸು ಕೊಟ್ಟು ಆಗಿತ್ತು. ನಿವೃತ್ತ ಅಧ್ಯಾಪಕಿ ವೆಂಕಟಲಕ್ಷ್ಮಿ ಟೀಚರ ಮನೆ ಅದು. ಮಂಗಳೂರಿನಲ್ಲಿರುವ ತಂಗಿಯ ಜೊತೆ ಫ್ಲ್ಯಾಟಿನಲ್ಲಿ ಇರೋಣವೆಂದು ಟೀಚರು ಮನೆ ಮಾರಲು ಹೊರಟಿದ್ದರು. ಮುಂದೆ ಬಾವಿ, ಪಕ್ಕದಲ್ಲಿ ಮಾವಿನ ಮರ, ಮೇಲೆ ಕಚೇರಿಯ ಕಡೆಗೇ ತೆರೆದ ಕಿಟಕಿ. ಆ ಕಿಟಕಿಯ ಕೆಳಗೆ ಚಾಪೆ ಎಲ್ಲಿ ಹಾಸಬೇಕೆಂಬುದನ್ನೂ ಸುಕುಮಾರ ನಿಶ್ಚಯಿಸಿದ್ದ. “ಬರೀ ನೋಡಿ ಬರುವ, ನೋಡಲಿಕ್ಕೆ ದುಡ್ಡಿಲ್ಲ,” ಎಂದು ಕಾಡಿಬೇಡಿ ದಮಯಂತಿಯನ್ನು ಭಾನುವಾರ ಹೊರಡಿಸಿದ.

ಬಸ್ಸಿನಲ್ಲಿ ಅವಳ ಕಿವಿಯಲ್ಲಿ ಹೇಳಿದ, “ಅಲ್ಲಿ ಎಂತ ಕಂಡರೂ ಚಂದ ಅಂತ ಹೇಳಬೇಡ. ದನ ನೋಡಿದ ಹಾಗೆ ನೋಡಬೇಕು.”

ಇದು ಅವನಿಗೆ ಪಿತ್ರಾರ್ಜಿತವಾಗಿ ಬಂದ ವಿದ್ಯೆ. ದನದ ವ್ಯಾಪಾರದಲ್ಲಿ ಅವನ ಅಪ್ಪ ಮಹಾಮಹೋಪಾಧ್ಯಾಯರು. ದನ ಮನಸ್ಸಿಗೆ ಬಂತೆಂದರೆ ಸಾಕು, ಅವರ ಮುಖ ಹುಳಿ ತಿಂದಂತಾಗುತ್ತಿತ್ತು. ಸುಳಿ ಸರಿಯಿಲ್ಲ, ಕೊಂಬು ವಾರೆ, ಕಣ್ಣು ನೋಡಿದರೆ ಒದೆಯುವ ಜಾತಿ ಎಂದು ಸುತ್ತು ಬಂದು ಬಂದು ಹೇಳುತ್ತಿದ್ದರು. ಕೇಳಿ ಕೇಳಿ ಮಾರುವವನಿಗೇ ತನ್ನ ದನದ ಮೇಲೆ ಜಿಗುಪ್ಸೆ ಹುಟ್ಟಿ, ಹಗ್ಗ ಸಮೇತ ಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದ. ಅಪ್ಪನ ಎದುರು ನಿಲ್ಲುತ್ತಿದ್ದವರು ದನದ ಯಜಮಾನರು, ತನ್ನ ಎದುರು ಕೂರುವವರು ಜೀವಮಾನವೆಲ್ಲ ಮಕ್ಕಳ ತಪ್ಪು ತಿದ್ದಿದ ಟೀಚರು ಎಂಬ ಸಣ್ಣ ವ್ಯತ್ಯಾಸ ಮಗನಿಗೆ ಹೊಳೆಯಲಿಲ್ಲ.

ಟೀಚರು ಮನೆ ತೋರಿಸಿ, ಮೇಲಿನ ಅಂತಸ್ತಿನ ಕಿಟಕಿಯ ಬಳಿ ಪುನರ್ಪುಳಿ ಶರಬತ್ತು ಕೊಟ್ಟು ಕೂರಿಸಿದರು. ಸುಕುಮಾರ ಒಂದು ಗುಟುಕು ಕುಡಿದು ಮುಖವನ್ನು ಅಪ್ಪನಂತೆ ಮಾಡಿಕೊಂಡ.

“ಬಾವಿ ನೋಡಿದೆ ಟೀಚರೇ. ಬೇಸಗೆಯಲ್ಲಿ ಬತ್ತುವ ಲಕ್ಷಣ ಉಂಟು.”

“ಬತ್ತುವುದಾ?” ಟೀಚರ ಕನ್ನಡಕ ಮೇಲೇರಿತು. “ಮೇ ತಿಂಗಳಲ್ಲಿ ಈ ಸಾಲಿನ ಹೆಂಗಸರೆಲ್ಲ ಕೊಡಪಾನ ಹಿಡಿದು ಬರುವುದು ನನ್ನ ಬಾವಿಗೇ. ಊರಿನ ಸುದ್ದಿ ಪೂರಾ ಕಟ್ಟೆಯಲ್ಲೇ ಸಿಗ್ತದೆ, ನಾನು ಪೇಪರ್ ತರಿಸುವುದನ್ನೇ ಬಿಟ್ಟಿದ್ದೇನೆ.”

ದಮಯಂತಿಯ ಕಿವಿ ನೆಟ್ಟಗಾಯಿತು.

“ಹೆದ್ದಾರಿಯ ಗಲಾಟೆಯೂ ಉಂಟಲ್ಲ?”

“ಅದು ಗಲಾಟೆಯಲ್ಲ, ಧೈರ್ಯ. ಯಾವ ಹೊತ್ತಿಗೆ ಕೈ ತೋರಿಸಿದರೂ ಬಸ್ಸು.”

“ಟೆರೇಸ್ ಸೋರುವ ಹಾಗೆ ಕಾಣ್ತದೆ. ಅಲ್ಲಿ ನೋಡಿ, ಆ ಮೂಲೆ.”

“ನನ್ನ ಯಜಮಾನರು ನಿಂತು ಹಾಕಿಸಿದ ಟೆರೇಸ್! ಮಳೆಗಾಲದಲ್ಲಿ ಅದರ ಕೆಳಗೆ ಹಪ್ಪಳ ಒಣಗಿಸಬಹುದು.”

ಬಾಗಿಲ ಬಳಿ ನಿಂತಿದ್ದ ಬ್ರೋಕರ್ ಕುಂಞ ಎರಡು ಸಲ ಕೆಮ್ಮಿದ. ಸುಕುಮಾರ ಅದನ್ನು ಪ್ರೋತ್ಸಾಹ ಎಂದುಕೊಂಡ. “ನೆರೆಕರೆ ಹೇಗೋ ಏನೋ...”

“ಈಚೆ ಮನೆಯವರು ಉಪ್ಪಳದ ತುಳುವರು. ಆಚೆಯವರಿಗೆ ಕನ್ನಡ ಕಲಿಸಿದ್ದು ನಾನೇ. ನೀವು ಯಾವ ಭಾಷೆಯಲ್ಲಿ ಜಗಳ ಮಾಡಿದರೂ ಇಲ್ಲಿ ಎಲ್ಲರಿಗೂ ಅರ್ಥ ಆಗ್ತದೆ.”

“ಹೌದಾ ಟೀಚರೇ?” ದಮಯಂತಿ ಶರಬತ್ತಿನ ಲೋಟ ಕೆಳಗಿಟ್ಟು ಮುಂದಕ್ಕೆ ಸರಿದಳು. ಅವಳ ಕಣ್ಣಿನಲ್ಲಿ ಅಂಥ ಆಸೆಯನ್ನು ಸುಕುಮಾರ ಮದುವೆಯ ದಿನವೂ ಕಂಡಿರಲಿಲ್ಲ. ಆಗಲಾದರೂ ಬಾಯಿ ಮುಚ್ಚಬಹುದಿತ್ತು. ಆದರೆ ಅಪ್ಪನ ವಿದ್ಯೆಯಲ್ಲಿ ಕೊನೆಯ ಏಟೊಂದು ಬಾಕಿ ಇತ್ತಲ್ಲ!

“ಒಟ್ಟಿನಲ್ಲಿ ಟೀಚರೇ, ಈ ಮನೆ ತೆಗೊಳ್ಳಲಿಕ್ಕೆ ಯಾರಿಗೆ ಮನಸ್ಸು ಬರ್ತದೆ ಹೇಳಿ?”

ಟೀಚರು ಎದ್ದು ನಿಂತರು. ಬಾವಿಯನ್ನು ನೋಡಿದರು, ಮಾವಿನ ಮರವನ್ನು ನೋಡಿದರು. ಅವರ ಕಣ್ಣು ತುಂಬಿ ಬಂತು.

“ನೀವು ಬಂದದ್ದು ಒಳ್ಳೆಯದಾಯ್ತು. ನನ್ನ ಮನೆಯಲ್ಲಿ ಎಂತೆಲ್ಲ ಉಂಟು ಅಂತ ಈವರೆಗೆ ನಾನೇ ಎಣಿಸಿ ನೋಡಿರಲಿಲ್ಲ. ಇದನ್ನು ಬಿಟ್ಟು ನಾನು ಫ್ಲ್ಯಾಟಿಗೆ ಹೋಗುವುದಾ? ಕುಂಞ, ಈ ಮನೆ ಮಾರಲಿಕ್ಕಿಲ್ಲ.”

“ಅಯ್ಯೋ ಟೀಚರೇ, ಬಾವಿ ಚಂದ ಉಂಟು! ಟೆರೇಸ್ ಕಗ್ಗಲ್ಲು!” ಸುಕುಮಾರ ಕೂಗಿದ.

“ಇನ್ನು ನನ್ನನ್ನು ಸಮಾಧಾನ ಮಾಡುವುದು ಬೇಡ,” ಎಂದರು ಟೀಚರು.

ಗೇಟಿನ ಹೊರಗೆ ಕುಂಞ ಕೈಮುಗಿದ. “ಸುಕುಮಾರಣ್ಣ, ಕೊಳ್ಳುವವರು ಓಡಿಹೋದದ್ದನ್ನು ಬೇಕಾದಷ್ಟು ನೋಡಿದ್ದೇನೆ. ಮಾರುವವರನ್ನೇ ಓಡಿಸಿದವರು ನೀವೊಬ್ಬರೇ.”

ವಾಪಸು ಬರುವಾಗ ದಮಯಂತಿ ದಾರಿಯುದ್ದಕ್ಕೂ ಬೈದಳು. ಶುದ್ಧ ತುಳುವಿನಲ್ಲಿ ಬೈದದ್ದರಿಂದ ಚೆನ್ನಾಗಿಯೇ ನಾಟಿತು. “ಆಸ್ಪತ್ರೆ ಹತ್ತಿರ, ಬಸ್ಸು ಹತ್ತಿರ, ವಾಕಿಂಗಿಗೆ ರಸ್ತೆ! ಅಂಥ ಮನೆಯನ್ನು ಬಾಯಿಂದ ಕಳೆದಿರಲ್ಲ!” ಸುಕುಮಾರನ ಕಾರಣಗಳೆಲ್ಲ ಅಂದಿನಿಂದ ಅವಳ ಸ್ವಂತ ಆಸ್ತಿಯಾದವು. ವಾರ ಕಳೆಯುವುದರೊಳಗೆ ಅವಳೇ ಟೀಚರಿಗೆ ಫೋನ್ ಮಾಡಿ, ಖಾಲಿ ಇದ್ದ ಮೇಲಿನ ಅಂತಸ್ತನ್ನು ಬಾಡಿಗೆಗೆ ಗೊತ್ತು ಮಾಡಿದಳು. ಊರಿನ ಮನೆಯ ಬೀಗದ ಕೈ ಸುಕುಮಾರನ ತಮ್ಮ ಈಶ್ವರಪ್ರಸಾದನಿಗೆ ಹೋಯಿತು. ಸ್ವಂತದ್ದಾಗದಿದ್ದರೇನು, ಮಧ್ಯಾಹ್ನದ ನಿದ್ದೆಗೆ ಯಾರೂ ಮನೆಯ ಕ್ರಯಪತ್ರ ಕೇಳುವುದಿಲ್ಲವಲ್ಲ ಎಂದು ಸುಕುಮಾರ ಕಿಟಕಿಯ ಕೆಳಗೆ ಚಾಪೆ ಹಾಸಿದ.

ಕಣ್ಣು ಮುಚ್ಚಿದ ಕೂಡಲೇ ಹೆದ್ದಾರಿಯ ಲಾರಿಯೊಂದು ಅವನ ಕಿವಿಯೊಳಗೇ ಹಾರನ್ ಹೊಡೆದಂತಾಯಿತು. ಏಪ್ರಿಲಿನಲ್ಲಿ ನಲ್ಲಿ ತಿರುಗಿಸಿದರೆ ಗಾಳಿ ಬಂತು, ಬಾವಿಯ ತಳ ಕಂಡಿತ್ತು. ಮೊದಲ ಮಳೆಗೆ ತಾರಸಿಯ ಅದೇ ಮೂಲೆ, ಬೆರಳು ತೋರಿಸಿದ್ದ ಅದೇ ಜಾಗ, ಚಾಪೆಯ ತಲೆಯ ಕಡೆಗೆ ಸರಿಯಾಗಿ ಸೋರತೊಡಗಿತು. ಸುಕುಮಾರ ಒದ್ದೆ ತಲೆಯಲ್ಲೇ ಕೆಳಗೆ ಓಡಿದ.

“ಟೀಚರೇ, ಟೆರೇಸ್ ಸೋರ್ತದೆ!”

“ಅದು ನಿಮಗೆ ಮೊದಲೇ ಗೊತ್ತಿತ್ತಲ್ಲ?” ಟೀಚರು ಶಾಂತವಾಗಿ ಹೇಳಿದರು. “ಬಾವಿ, ಲಾರಿ, ಟೆರೇಸ್, ಎಲ್ಲ ನೀವೇ ಹೇಳಿದ್ದು. ನಾನು ನಂಬಲೇ ಇಲ್ಲ. ಎಂಥ ಕಣ್ಣು ಮಾರಾಯ್ರೆ ನಿಮ್ಮದು! ಗೊತ್ತಿದ್ದೇ ಬಂದವರ ಹತ್ತಿರ ನಾನು ಇನ್ನೆಂತ ಹೇಳಲಿ?”

ಮೇಲೆ ಬಂದರೆ ದಮಯಂತಿ ಅವನ ಚಾಪೆಯ ಮೇಲೆ ಪಾತ್ರೆ ಇಟ್ಟು, ಪಕ್ಕದ ಮನೆಯವಳೊಂದಿಗೆ ಕಿಟಕಿಯಿಂದಲೇ ಹರಟುತ್ತಿದ್ದಳು. ಮಾತು ತುಳುವಿನಲ್ಲಿ ಶುರುವಾಗಿ ಮಲಯಾಳಕ್ಕೆ ದಾಟಿತ್ತು.

“ದೇಲಂಪಾಡಿಗೇ ವಾಪಸು ಹೋಗುವ,” ಎಂದ ಸುಕುಮಾರ, ಅಳುವ ದನಿಯಲ್ಲಿ.

“ಬೇಡಪ್ಪ. ಅಲ್ಲಿ ಆಸ್ಪತ್ರೆ ದೂರ.”

“ನಮಗೆ ರೋಗವೇ ಇಲ್ಲ ಅಂತ ಹೇಳಿದ್ದು ನೀನೇ ಅಲ್ವಾ?”

ದಮಯಂತಿ ಸೋರುವ ಮೂಲೆಯನ್ನೊಮ್ಮೆ, ಗಂಡನ ಒದ್ದೆ ತಲೆಯನ್ನೊಮ್ಮೆ ನೋಡಿದಳು.

“ಬರ್ತದೆ,” ಎಂದಳು. “ನೀವು ಇಲ್ಲೇ ಮಲಗಿ.”