ಡಾಕ್ಟರಮ್ಮನ ಬಿಳಿ ಕೋಟಿನ ಮೇಲೆ ಬಿದ್ದ ದಾಳಿಂಬೆಯವರಿಗೆ

ಮಾನ್ಯ ದಾಳಿಂಬೆಯವರೇ,

ಹುಟ್ಟಿನಿಂದಲೇ ತಲೆಯ ಮೇಲೆ ಕಿರೀಟ ಹೊತ್ತ ತಮಗೆ, ದಿನವಿಡೀ ಊರವರ ಅಂಗಿಗಳ ಮುಂದೆ ತಲೆ ಬಗ್ಗಿಸಿ ನಿಲ್ಲುವ ಇಸ್ತ್ರಿ ಅಂಗಡಿಯವನ ಗೌರವಪೂರ್ವಕ ನಮಸ್ಕಾರಗಳು. ತಾವು ಕ್ಷೇಮವೇ ಎಂದು ಕೇಳುವ ಅಗತ್ಯವಿಲ್ಲ, ತಮ್ಮ ಕೆನ್ನೆಯ ಬಣ್ಣವೇ ಅದನ್ನು ಸಾರುತ್ತಿದೆ. ನನ್ನ ಕ್ಷೇಮದ ವಿಚಾರವನ್ನು ಮಾತ್ರ ತುಸು ವಿವರವಾಗಿ ನಿವೇದಿಸಬೇಕಾಗಿದೆ.

ಜ್ವರ ಹಿಡಿದು ಮೂರು ತಿಂಗಳು ಹಾಸಿಗೆಯಲ್ಲೇ ಇದ್ದ ನನ್ನ ಹೆಂಡತಿಗೆ ಡಾಕ್ಟರಮ್ಮ ಮಾತ್ರೆಗಳ ಕೆಳಗೆ ದಾಳಿಂಬೆ ಎಂದು ತಮ್ಮ ಹೆಸರನ್ನೂ ಬರೆದುಕೊಟ್ಟರು. ಕಾಳು ತಿಂದರೆ ರಕ್ತಕ್ಕೆ, ರಸ ಕುಡಿದರೆ ಹೃದಯಕ್ಕೆ, ಸಿಪ್ಪೆಯನ್ನು ಒಣಗಿಸಿ ಅರೆದು ಹಚ್ಚಿದರೆ ಮುಖಕ್ಕೆ ಒಳ್ಳೆಯದಂತೆ ಎಂದು ನನ್ನ ನಾದಿನಿ ಫೋನು ನೋಡಿ ಓದಿ ಹೇಳಿದಳು. ಇಷ್ಟೊಂದು ಇಲಾಖೆಗಳನ್ನು ಒಬ್ಬರೇ ನಿಭಾಯಿಸುವ ತಮ್ಮ ದಕ್ಷತೆಗೆ ತಲೆಬಾಗುತ್ತೇನೆ. ಬಿಡಿಸುವ ಇಲಾಖೆ ಯಾರದೆಂದು ಮಾತ್ರ ಆ ಫೋನು ಹೇಳಲಿಲ್ಲ. ಅದು ನನ್ನ ಪಾಲಿಗೆ ಬಂತು.

ತಮ್ಮ ಸಿಪ್ಪೆಯ ಕಾಂತಿ ಹೆಂಡತಿಯ ಮುಖಕ್ಕೆ ಎಷ್ಟು ಬಂದಿತೋ ಕಾಣೆ, ಅದರ ಕಪ್ಪಂತೂ ನನ್ನ ಹತ್ತೂ ಬೆರಳುಗಳಿಗೆ ಧಾರಾಳವಾಗಿ ಬಂದಿದೆ. ಬಟ್ಟಲಿನ ನೀರಿನೊಳಗೆ ಬಿಡಿಸಿದರೆ ಕಾಳು ತಳಕ್ಕಿಳಿದು ಬಿಳಿಯ ಪೊರೆ ಮೇಲೆ ತೇಲುತ್ತದೆಂದು ನಾದಿನಿ ಹೇಳಿಕೊಟ್ಟಳು, ಆದರೆ ಆಗುವ ಅನಾಹುತ ಆಗಿ ಎರಡು ದಿನವಾದ ಮೇಲೆ. ಅಂಗಿಗೆ ಗುಂಡಿಯಿದೆ, ಚೀಲಕ್ಕೆ ಜಿಪ್ ಇದೆ. ಇಷ್ಟು ದೊಡ್ಡವರಾದ ತಾವು ಒಂದು ಜಿಪ್ಪನ್ನಾದರೂ ಇಟ್ಟುಕೊಂಡು ಹುಟ್ಟಬಾರದಿತ್ತೇ? ರಸವನ್ನು ಬಿಳಿಯ ಬಣ್ಣದಲ್ಲಿ ಒದಗಿಸುವ ಬಗ್ಗೆಯೂ ದಯಮಾಡಿ ಪರಿಶೀಲಿಸಬೇಕು.

ಈಗ ಅಸಲು ದೂರು. ಅಂದು ಬೆಳಿಗ್ಗೆ ಇಸ್ತ್ರಿ ಮೇಜಿನ ಅಂಚಿನಲ್ಲೇ ತಮ್ಮನ್ನು ಬಿಡಿಸುತ್ತಿದ್ದಾಗ, ಇಸ್ತ್ರಿಗೆಂದು ಹರವಿದ್ದ ಡಾಕ್ಟರಮ್ಮನ ಬಿಳಿ ಕೋಟಿನ ಜೇಬಿನ ಮೇಲೆ ತಾವು ಒಂದು ಹನಿ ಚಿಮ್ಮಿದಿರಿ. ಕಲೆಯ ಮೇಲೆ ಕಾದ ಇಸ್ತ್ರಿ ಇಟ್ಟರೆ ಅದು ಜನ್ಮಕ್ಕೂ ಹೋಗುವುದಿಲ್ಲ, ಮೊದಲು ತಣ್ಣೀರು ತೋರಿಸಬೇಕೆಂಬುದು ಈ ಕಸುಬಿನ ಮೊದಲ ಪಾಠ, ಮೂವತ್ತು ವರ್ಷದಲ್ಲಿ ನಾನು ಒಮ್ಮೆಯೂ ತಪ್ಪದ ಪಾಠ. ನೀರಿಗೆ ಕೈ ಚಾಚಿದೆ. ಆಗಲೇ ಅಂಗಡಿಯ ಮೇಲಿನ ನಮ್ಮ ಮಹಡಿ ಮನೆಯ ಮೆಟ್ಟಿಲ ಮೇಲೆ ಸದ್ದಾಯಿತು. ಮೂರು ತಿಂಗಳಿಂದ ಎರಡು ಕೈ ಹಿಡಿದು ನಡೆಸಬೇಕಾಗಿದ್ದ ನನ್ನ ಹೆಂಡತಿ, ಗೋಡೆಯನ್ನೂ ಹಿಡಿಯದೆ ಒಬ್ಬಳೇ ಇಳಿದು ಬರುತ್ತಿದ್ದಳು. ನನ್ನ ಕಣ್ಣು ಅವಳ ಪಾದಗಳ ಮೇಲಿತ್ತು, ಕೈ ತನ್ನ ಅಭ್ಯಾಸದಂತೆ ಇಸ್ತ್ರಿಯನ್ನು ಎತ್ತಿ ಜೇಬಿನ ಮೇಲೆ ಎಳೆದುಬಿಟ್ಟಿತು.

ಸಾಬೂನು, ನಿಂಬೆ, ಬಿಸಿಲು, ಎಲ್ಲವೂ ಸೋತವು. ಗುಣ ಮಾಡಿದ ವೈದ್ಯರ ಕೋಟನ್ನೇ ಕೆಡಿಸಿದ ನಾನು ಯಾವ ಮುಖ ಹೊತ್ತು ಆಸ್ಪತ್ರೆಯ ಬಾಗಿಲಿಗೆ ಹೋಗಲಿ? ಎರಡು ದಿನ ಅದನ್ನು ಬೇರೆಯವರ ಪ್ಯಾಂಟುಗಳ ಹಿಂದೆ ತೂಗುಹಾಕಿ ಬಚ್ಚಿಟ್ಟೆ. ಮೂರನೆಯ ದಿನ ಹೆಂಡತಿ ಅದನ್ನು ಕಂಡುಹಿಡಿದು, ಮಡಿಸಿ ಕಂಕುಳಲ್ಲಿಟ್ಟುಕೊಂಡು, "ನಾನೇ ಕೊಟ್ಟು ಬರ್ತೀನಿ ಬಿಡ್ರಿ. ನನ್ನ ಮುಖ ನೋಡಿದ್ರೆ ಅವ್ರು ಕೋಟು ನೋಡಲ್ಲ" ಎಂದು ಹೊರಟೇಬಿಟ್ಟಳು. ಜ್ವರ ಬಂದ ಮೇಲೆ ಅವಳು ಬೀದಿಗೆ ಒಬ್ಬಳೇ ಕಾಲಿಟ್ಟದ್ದು ಅದೇ ಮೊದಲು.

ಡಾಕ್ಟರಮ್ಮ ಅವಳ ಕಣ್ಣಿನ ರೆಪ್ಪೆ ಎಳೆದು ನೋಡಿ, ನಾಲಿಗೆ ನೋಡಿ, ಬೆನ್ನು ತಟ್ಟಿ, ಕೋಟನ್ನು ನೋಡದೆಯೇ ತೊಟ್ಟುಕೊಂಡರಂತೆ. ಆದ್ದರಿಂದ ನನ್ನ ದೂರನ್ನು ಹಿಂತೆಗೆದುಕೊಳ್ಳಬೇಕಾಗಿ ಬಂದಿರುವುದಕ್ಕೆ ವಿಷಾದಿಸುತ್ತೇನೆ. ಜಿಪ್ಪಿನ ಕೋರಿಕೆ ಮಾತ್ರ ಹಾಗೆಯೇ ಇರಲಿ.

ಬೆರಳು ಕಪ್ಪಾದರೂ ಮನಸ್ಸು ಬಿಳಿಯಾಗಿಯೇ ಇರುವ,
ತಮ್ಮ ವಿಶ್ವಾಸಿ,
ಇಸ್ತ್ರಿ ಅಂಗಡಿಯವನು

ಮರೆತ ಮಾತು: ನನ್ನ ಹೆಂಡತಿ ಈಗ ಎರಡು ಕೊಡ ನೀರನ್ನು ಒಟ್ಟಿಗೆ ಮಹಡಿಗೆ ಹೊರುತ್ತಾಳೆ. ಆದರೂ ದಿನಾ ಬೆಳಿಗ್ಗೆ ತಮ್ಮನ್ನು ಬಟ್ಟಲಲ್ಲಿಟ್ಟು ನನ್ನ ಮುಂದೆ ತಳ್ಳಿ, "ನಂಗೆ ಬಿಡಿಸೋಕೆ ಶಕ್ತಿ ಇಲ್ಲಪ್ಪ" ಎನ್ನುತ್ತಾಳೆ. ಈ ರೋಗಕ್ಕೂ ತಮ್ಮಲ್ಲಿ ಔಷಧವಿದ್ದರೆ, ದಯವಿಟ್ಟು ಅದನ್ನು ಅವಳಿಗೆ ತಿಳಿಸಬೇಡಿ.